ಇನ್ನೊಬ್ಬರ ಕುರ್ಚಿಯಲ್ಲಿ ಏಳು ತಿಂಗಳು

ನನಗೆ ಮೊದಲು ಸಿಕ್ಕಿದ ಕೆಲಸ ನನ್ನದಾಗಿರಲಿಲ್ಲ. ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರು ಹೆರಿಗೆ ರಜೆಯ ಮೇಲೆ ಹೋದರು. ಅವರು ವಾಪಸ್ ಬರುವ ತನಕ, ಅಂದರೆ ಆರು ತಿಂಗಳು, ಆ ಕುರ್ಚಿಯಲ್ಲಿ ಕೂರಲು ಯಾರಾದರೂ ಬೇಕಾಗಿತ್ತು. ಆ ಯಾರಾದರೂ ನಾನಾದೆ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಬಿಟಿಎಂ ಎರಡನೇ ಹಂತದಲ್ಲಿ ಒಂದು ಬೇಕರಿಯ ಮೇಲಿದ್ದ, ಕೆಲಸ ಕೊಡಿಸುವ ಕನ್ಸಲ್ಟೆನ್ಸಿ. ಒಂದೇ ಕೋಣೆ, ಎರಡು ಮೇಜು. ಕೆಳಗಿನ ಪಫ್ಸ್ ವಾಸನೆ ಮೆಟ್ಟಿಲು ಹತ್ತಿ ಒಳಗೆ ಬರುತ್ತಿತ್ತು. ಅದನ್ನು ನಡೆಸುತ್ತಿದ್ದ ಮೇಡಂ ನನ್ನ ರೆಸ್ಯೂಮೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಬಿ.ಕಾಂ. ಮುಗಿಯಬೇಕಾಗಿದ್ದ ವರ್ಷಕ್ಕೂ ಮುಗಿದ ವರ್ಷಕ್ಕೂ ನಡುವೆ ಬೆರಳಿಟ್ಟರು.

"ಈ ಒಂದು ವರ್ಷ ಏನ್ ಮಾಡ್ತಿದ್ದೆ?"

"ಕಾಸ್ಟಿಂಗ್ ಪೇಪರ್ ಹೋಗಿತ್ತು ಮೇಡಂ. ಮತ್ತೆ ಫೀಸ್ ಕಟ್ಟಿ ಬರೆದೆ."

"ಇದನ್ನ ನನ್ನ ಹತ್ರ ಹೇಳಿದ್ದು ಸರಿ. ಬೇರೆ ಯಾರ ಹತ್ರಾನೂ ಹೇಳ್ಬೇಡ. ಅಜ್ಜಿಗೆ ಹುಷಾರಿರ್ಲಿಲ್ಲ, ನೋಡ್ಕೋತಿದ್ದೆ ಅನ್ನು. ಅಜ್ಜಿ ಇದ್ದಾರಾ?"

"ಇಲ್ಲ. ನಾನು ಮೂರನೇ ಕ್ಲಾಸಲ್ಲಿದ್ದಾಗ ಹೋಗ್ಬಿಟ್ರು."

"ಪರವಾಗಿಲ್ಲ," ಅಂದರು ಮೇಡಂ, ಮತ್ತು ಲ್ಯಾಬಿನ ವಿಳಾಸ ಬರೆದುಕೊಟ್ಟರು.

ಟೆಂಪರರಿ ಕೆಲಸಕ್ಕೆ ಇಂಟರ್ವ್ಯೂ ಎಂದೇನೂ ಇರಲಿಲ್ಲ. ಲ್ಯಾಬಿನ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಆರೂವರೆಗೆ ಬರೋಕಾಗುತ್ತಾ?" ಆಗುತ್ತೆ ಅಂದೆ. ನಮ್ಮ ಮನೆ ಹನುಮಂತನಗರದಲ್ಲಿ. ಅಪ್ಪ ಒಂದು ಶಾಲೆಯ ವ್ಯಾನ್ ಓಡಿಸುತ್ತಿದ್ದರಿಂದ ನಮ್ಮಲ್ಲಿ ಐದು ಗಂಟೆಗೇ ಎಲ್ಲರೂ ಎದ್ದಿರುತ್ತಿದ್ದೆವು. ಅಮ್ಮ ಆ ಹೊತ್ತಿಗೇ ಡಬ್ಬಿಗೆ ಚಿತ್ರಾನ್ನವನ್ನೋ ಉಪ್ಪಿಟ್ಟನ್ನೋ ತುಂಬುತ್ತಿದ್ದರು. ಐವತ್ತು ಅಡಿ ರಸ್ತೆಗೆ ಇಳಿದು ಬಸ್ ಹಿಡಿದರೆ ಆರೂಕಾಲಿಗೆ ಲ್ಯಾಬಿನ ಮುಂದೆ ಇರುತ್ತಿದ್ದೆ.

ಆ ಹೊತ್ತಿಗೇ ಮೆಟ್ಟಿಲ ಮೇಲೆ ಜನ ಕಾಯುತ್ತಿದ್ದರು. ಹೆಚ್ಚಿನವರು ವಯಸ್ಸಾದವರು, ಮಂಕಿಕ್ಯಾಪು, ವಾಕಿಂಗ್ ಶೂ, ಕೈಯಲ್ಲಿ ಡಾಕ್ಟರ ಚೀಟಿ. ಹಿಂದಿನ ರಾತ್ರಿಯಿಂದ ಏನೂ ತಿಂದಿರುತ್ತಿರಲಿಲ್ಲ. "ಕಾಫಿ ಕುಡಿದ್ರೆ ಪರವಾಗಿಲ್ವಾ? ಸಕ್ಕರೆ ಹಾಕಿಲ್ಲ," ಎಂದು ದಿನಕ್ಕೆ ಒಬ್ಬರಾದರೂ ಕೇಳುತ್ತಿದ್ದರು. ನಾನು ಚೀಟಿ ಓದಿ, ಬಿಲ್ ಮಾಡಿ, ಟೋಕನ್ ಕೊಟ್ಟು, ಒಳಗೆ ರಕ್ತ ತೆಗೆಯುವವರ ಹತ್ತಿರ ಕಳಿಸಬೇಕು. ಸಂಜೆಯ ರಿಪೋರ್ಟುಗಳನ್ನು ಮಧ್ಯಾಹ್ನದ ಪಾಳಿಯವರು ಕೊಡುತ್ತಿದ್ದರು. ಎರಡೂವರೆಗೆ ನನ್ನ ಕೆಲಸ ಮುಗಿಯುತ್ತಿತ್ತು.

ಆರು ತಿಂಗಳಿಗೆ ಹೊಸ ಲಾಗಿನ್ ಮಾಡಿಸುವುದು ರಗಳೆಯೆಂದು ಮ್ಯಾನೇಜರ್ ನನಗೆ ರಜೆಯಲ್ಲಿದ್ದವರ ಲಾಗಿನ್ನನ್ನೇ ಕೊಟ್ಟರು. ಹಾಗಾಗಿ ಪ್ರತಿ ಬಿಲ್ಲಿನ ಕೆಳಗೆ ಅವರ ಹೆಸರು ಅಚ್ಚಾಗುತ್ತಿತ್ತು. ಓದಿದವರು ನನ್ನನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರು. ಮೊದಲ ವಾರ ತಿದ್ದಿದೆ. ಆಮೇಲೆ ಬಿಟ್ಟೆ.

ಮೇಜಿನ ಗಾಜಿನ ಕೆಳಗೆ ಅವರ ಗುಂಡು ಅಕ್ಷರದ ಪಟ್ಟಿಯೊಂದಿತ್ತು: ಯಾವ ಡಾಕ್ಟರು ಯಾವ ಪರೀಕ್ಷೆಯನ್ನು ಹೇಗೆ ಗೀಚುತ್ತಾರೆ ಎಂಬುದರ ವಿವರ. ಡ್ರಾಯರಿನಲ್ಲಿ ಒಂದು ಬಾಚಣಿಗೆ, ಲವಂಗದ ಡಬ್ಬಿ, ಹಳೆಯ ಕನ್ನಡಕದ ಪೆಟ್ಟಿಗೆ. ಪಟ್ಟಿಯಲ್ಲಿ ಇಲ್ಲದ್ದನ್ನು ಅವರನ್ನೇ ಫೋನಿನಲ್ಲಿ ಕೇಳು ಎಂದು ಮ್ಯಾನೇಜರ್ ನಂಬರ್ ಕೊಟ್ಟಿದ್ದರು. ಮೂರನೇ ದಿನವೇ ಒಂದು ಬಿಲ್ಲನ್ನು ಎರಡು ಸಲ ಮಾಡಿ, ಅಳಿಸಲು ಗೊತ್ತಾಗದೆ, ಎದುರಿಗೆ ನಿಂತವರ ಬೈಗುಳದ ನಡುವೆ ಫೋನ್ ಮಾಡಿದೆ. ಅವರಿಗೆ ಆಗಿನ್ನೂ ಹೆರಿಗೆ ಆಗಿರಲಿಲ್ಲ. ಜೆಪಿ ನಗರದ ತವರಿನಲ್ಲಿದ್ದರು.

"ಮೊದ್ಲು ಅವರಿಗೆ ಟೋಕನ್ ಕೊಟ್ಟು ಕೂರ್ಸು," ಅಂದರು. "ಬಿಲ್ ಆಮೇಲೆ ನೋಡೋಣ. ಉಪವಾಸ ಇರೋರ ಹತ್ರ ವಾದ ಮಾಡ್ಬಾರ್ದು ಕಣೆ. ಕೈಗೆ ಟೋಕನ್ ಬಂದ್ರೆ ಅರ್ಧ ಕೋಪ ಇಳಿಯುತ್ತೆ."

ಹಾಗೆಯೇ ಆಯಿತು. ಅಂದಿನಿಂದ ನಾನು ಅವರನ್ನು ಅಕ್ಕ ಎಂದು ಕರೆಯತೊಡಗಿದೆ. ವಾರಕ್ಕೆ ಎರಡು ಮೂರು ಸಲ ಫೋನ್ ಮಾಡುತ್ತಿದ್ದೆ. ಹೆರಿಗೆಯಾದ ಮೇಲೆ ಹಿಂದಿನಿಂದ ಮಗುವಿನ ದನಿ ಕೇಳುತ್ತಿತ್ತು. ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ನಾವಿಬ್ಬರೂ ಇನ್ನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಲ್ಯಾಬಿನಲ್ಲಿ ಟೆಂಪರರಿ ಆಗಿದ್ದ ಇನ್ನೊಬ್ಬ ಎಂದರೆ ರಕ್ತ ತೆಗೆಯುವ ಟೆಕ್ನಿಷಿಯನ್. ಬಾಗಲಕೋಟೆ ಕಡೆಯವನು, ನನ್ನದೇ ವಯಸ್ಸು, ಬಿಟಿಎಂನಲ್ಲಿ ಮೂವರ ಜತೆ ಒಂದು ಕೋಣೆಯಲ್ಲಿದ್ದ. ಬನ್ನೇರುಘಟ್ಟ ರಸ್ತೆಯ ಒಂದು ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಿದ್ದ. ಎರಡು ಸಲ ಇಂಟರ್ವ್ಯೂಗೆ ಹೋಗಿ ಎರಡು ಸಲವೂ ಬಾಯಿ ಬಿಡದೆ ಬಂದಿದ್ದ. ಹತ್ತು ಗಂಟೆಯ ಮೇಲೆ ಜನ ಕಡಿಮೆಯಾದಾಗ ಅವನ ಕೋಣೆಯಲ್ಲಿ ನಾವು ಅಭ್ಯಾಸ ಶುರು ಮಾಡಿದೆವು. ಅವನು ರಕ್ತ ಕೊಡುವವರ ಕುರ್ಚಿಯಲ್ಲಿ ಕೂರುತ್ತಿದ್ದ, ನಾನು ಸ್ಟೂಲಿನ ಮೇಲೆ, ಪ್ರಶ್ನೆ ಕೇಳುವವಳಂತೆ ಬರೆಯುವ ರಟ್ಟು ಹಿಡಿದುಕೊಂಡು. ಒಂದೊಂದು ಸಲ ಜಾಗ ಬದಲಾಯಿಸಿ ಅವನು ನನ್ನನ್ನು ಕೇಳುತ್ತಿದ್ದ.

"ನಿಮ್ಮ ಬಗ್ಗೆ ಹೇಳಿ."

ಅವನು ಹೆಸರು ಹೇಳಿ, ಊರು ಹೇಳಿ ನಿಂತುಬಿಡುತ್ತಿದ್ದ. ಕಿವಿ ಕೆಂಪಾಗುತ್ತಿತ್ತು. "ಮುಂದ ಏನ್ ಹೇಳೂದ್ರಿ?"

ಇದೇ ಮನುಷ್ಯ ಸೂಜಿ ಚುಚ್ಚುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಅಜ್ಜಂದಿರ ಮೊಮ್ಮಕ್ಕಳ ಸುದ್ದಿಯಿಂದ ಹಿಡಿದು ಅವರ ಮನೆಯ ನಾಯಿಯ ಹೆಸರಿನವರೆಗೆ ಕೇಳುತ್ತ ಕೇಳುತ್ತಲೇ ರಕ್ತ ತೆಗೆದು ಹತ್ತಿ ಒತ್ತಿಬಿಡುತ್ತಿದ್ದ. ಎರಡು ವಾರ ಕಳೆದ ಮೇಲೆ ಒಂದು ದಿನ ನನಗೆ ತೋಚಿತು. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯನ್ನು ಅವನ ಕೈಗೆ ಕೊಟ್ಟು, ನನ್ನ ತೋಳು ಚಾಚಿ, "ಕಟ್ಟಿ. ಕಟ್ಟುತ್ತಾ ನಿಮ್ಮ ಬಗ್ಗೆ ಹೇಳಿ," ಅಂದೆ. ಅವನು ಕಟ್ಟಿದ. ಹೇಳಿದ. ಡಿಪ್ಲೊಮಾ ಮಾಡಿದ್ದು, ಊರ ಸರ್ಕಾರಿ ಆಸ್ಪತ್ರೆಯಲ್ಲಿ ತರಬೇತಿ ಮಾಡಿದ್ದು, ಮಕ್ಕಳ ರಕ್ತನಾಳ ಹುಡುಕುವುದರಲ್ಲಿ ತನಗೆ ಕೈ ಕುದುರಿದ್ದು, ಎಲ್ಲವೂ ತಡೆಯಿಲ್ಲದೆ ಬಂತು. ನನ್ನ ಕೈ ಜೋಮು ಹಿಡಿದಿತ್ತು.

ಮೂರನೇ ಸಲ ಇಂಟರ್ವ್ಯೂಗೆ ಹೋದಾಗ ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದ. ಕೆಲಸ ಸಿಕ್ಕಿತು. ಬಿಟ್ಟು ಹೋಗುವ ದಿನ ನನಗೂ ಒಂದು ಮಾತು ಹೇಳಿದ. "ನಾ ಪ್ರಶ್ನಿ ಕೇಳಿದಾಗ ನೀವು ಬರೇ ಹೌದು ಸರ್, ಇಲ್ಲ ಸರ್ ಅಂತೀರಿ. ಕೌಂಟರ್‌ನ್ಯಾಗ ಕುಂತಾಗ ಹಂಗ ಇರಂಗಿಲ್ಲಲ್ರೀ ನೀವು."

ಐದನೇ ತಿಂಗಳು ಮುಗಿದು ಎರಡು ವಾರ ದಾಟಿತ್ತು. ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಸಣ್ಣ ದನಿಯ ಮನುಷ್ಯ, ಯಾವಾಗಲೂ ನೋಡಮ್ಮ ಎಂದೇ ಮಾತು ಶುರು ಮಾಡುತ್ತಿದ್ದರು.

"ನೋಡಮ್ಮ, ನೀನು ಚೆನ್ನಾಗಿ ಮಾಡ್ತಿದ್ದೀಯ. ಆಯಮ್ಮ ಇನ್ನೊಂದು ತಿಂಗಳು ರಜ ಬೇಕು ಅಂತ ಫೋನಲ್ಲಿ ಕೇಳಿದ್ರು. ನಾನೂ ಆಯ್ತು ನೋಡೋಣ ಅಂದಿದೀನಿ. ಆದ್ರೆ ಬರವಣಿಗೇಲಿ ಏನೂ ಕೊಟ್ಟಿಲ್ಲ. ಬರವಣಿಗೇಲಿ ಕೊಡದೆ ಡೇಟಿಗೆ ಬರದಿದ್ರೆ ಅವರಾಗೇ ಬಿಟ್ರು ಅಂತ ಆಗುತ್ತೆ. ಆಗ ಆ ಜಾಗಕ್ಕೆ ನಿನ್ನೇ ಪರ್ಮನೆಂಟ್ ಮಾಡ್ಬೋದು. ಹೆಸರಿಗೆ ಒಂದು ಇಂಟರ್ವ್ಯೂ ಇರುತ್ತೆ, ಅಷ್ಟೇ."

"ಬರೆದು ಕೊಡ್ಬೇಕು ಅಂತ ಅವರಿಗೆ ಗೊತ್ತಾ ಸಾರ್?"

"ಅದು ಅವರ ಜವಾಬ್ದಾರಿ. ನೀನ್ಯಾಕೆ ತಲೆ ಕೆಡಿಸ್ಕೋತೀಯ. ಈ ಮಾತು ಇಲ್ಲೇ ಇರ್ಲಿ."

ಇರಲಿ ಅಂದೆ. ರಜೆ ಮುಗಿಯಲು ಇನ್ನು ಎರಡು ವಾರವೂ ಇರಲಿಲ್ಲ. ಮರುದಿನ ಅಕ್ಕನೇ ಫೋನ್ ಮಾಡಿದರು. "ಸಾರ್ ಒಪ್ಕೊಂಡ್ರು ಕಣೆ, ಇನ್ನೊಂದು ತಿಂಗಳು. ನಿನಗೂ ಒಂದು ತಿಂಗಳು ಕೆಲಸ ಮುಂದುವರಿಯುತ್ತೆ. ಒಳ್ಳೇದಾಯ್ತಲ್ವಾ?" ಅಂದರು. ನಾನು ಹೂಂ ಅಕ್ಕ ಅಂದೆ.

ಪರ್ಮನೆಂಟ್ ಆಗಬಹುದು ಎಂದಷ್ಟೇ ಮನೆಯಲ್ಲಿ ಹೇಳಿದೆ. ಅಮ್ಮ ಬೆಟ್ಟದ ಮೇಲಿನ ಗುಡಿಗೆ ಹೋಗಿ ಅರ್ಚನೆ ಮಾಡಿಸಿಕೊಂಡು ಬಂದರು. ಕೆಳಗಿನ ಮನೆಯವರಿಗೂ ಹೇಳಿದರು. ಅವರು ಮೇಲೆ ಬಂದು, "ಜಯನಗರದಲ್ಲೇ ಅಂತೆ, ಸದ್ಯ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟ್ಬೇಕಾಗಿಲ್ಲ," ಎಂದು ಸಂತೋಷಪಟ್ಟರು. ನಾನು ಇಂಟರ್ವ್ಯೂಗೆ ಓದತೊಡಗಿದೆ. ಕನ್ನಡಿಯ ಮುಂದೆ ನಿಂತು ನನ್ನ ಬಲ, ನನ್ನ ದೌರ್ಬಲ್ಯ, ಐದು ವರ್ಷದ ನಂತರ ನಾನು ಎಲ್ಲಿರುತ್ತೇನೆ ಎಂಬುದನ್ನು ಬಾಯಿಪಾಠ ಮಾಡಿದೆ. ಮೂರು ದಿನ ಹೀಗೆ ಹೋಯಿತು. ನಾಲ್ಕನೇ ದಿನ ಅಮ್ಮ ಪಾತ್ರೆ ತೊಳೆಯುತ್ತಿದ್ದಾಗ ಉಳಿದದ್ದನ್ನೂ ಹೇಳಿದೆ.

"ಅದು ಅವರವರ ವಿಷಯ," ಅಂದರು ಅಮ್ಮ. "ನೀನೇನು ಕೇಳಿದ್ಯಾ ಅವರನ್ನ ತೆಗೀರಿ ಅಂತ? ಇಲ್ವಲ್ಲ." ಎರಡು ತಟ್ಟೆ ತೊಳೆದ ಮೇಲೆ, "ಆ ಹುಡುಗಿಗೆ ಗಂಡು ಮಗೂನೋ ಹೆಣ್ಣು ಮಗೂನೋ?" ಎಂದು ಕೇಳಿದರು.

"ಹೆಣ್ಣು."

ಅಮ್ಮ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡರು.

ಐದನೇ ದಿನ ಬೆಳಿಗ್ಗೆ ಒಂದು ಕಂಪನಿಯ ಹೆಲ್ತ್ ಚೆಕಪ್ ಬಿಲ್ಲು ಸಿಕ್ಕಿಹಾಕಿಕೊಂಡಿತು. ಏನು ಮಾಡಿದರೂ ಮುಂದೆ ಹೋಗಲೊಲ್ಲದು. ಎಂದಿನಂತೆ ಅಕ್ಕನಿಗೆ ಫೋನ್ ಮಾಡಿದೆ. ಅವರು ಯಾವ ಕಾಲಂನಲ್ಲಿ ಏನು ಹಾಕಬೇಕೆಂದು ಹೇಳಿದರು, ಬಿಲ್ ಅಚ್ಚಾಯಿತು. ಇಡಲಾ ಎಂದು ಕೇಳಿದರು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ. ಮೊದಲೇ ತೀರ್ಮಾನ ಮಾಡಿಕೊಂಡೇನೂ ಇರಲಿಲ್ಲ.

"ಅಕ್ಕ, ರಜೆ ವಿಷಯ ಒಂದು ಮೇಲ್ ಹಾಕ್ಬಿಡಿ. ಇವತ್ತೇ."

"ಸಾರ್ ಆಯ್ತು ಅಂದ್ರಲ್ಲ."

"ಅಂದಿರ್ಬೋದು. ನೀವು ಹಾಕಿ. ಯಾವತ್ತು ಬರ್ತೀರ ಅಂತ ಡೇಟ್ ಬರೀರಿ. ಹೆಡ್ ಆಫೀಸಿಗೂ ಒಂದು ಕಾಪಿ ಹೋಗ್ಲಿ."

ಆ ಕಡೆ ಅವರು ಮಗುವನ್ನು ಸುಮ್ಮನಾಗಿಸುವುದು ಕೇಳಿಸಿತು. ಆಮೇಲೆ, "ಆಯ್ತು ಕಣೆ," ಎಂದು ಇಟ್ಟರು.

ಮಧ್ಯಾಹ್ನ ಮ್ಯಾನೇಜರ್ ಹೊರಗೆ ಬಂದು ಕೌಂಟರಿನ ಪಕ್ಕ ನಿಂತರು. ನನ್ನನ್ನು ನೋಡಿದರು. "ಪ್ರಿಂಟರ್ ಟೋನರ್ ಬಂತಾ?" ಎಂದು ಕೇಳಿದರು. ಬಂದಿದೆ ಸಾರ್ ಅಂದೆ. ಮೇಲ್ ವಿಷಯವನ್ನಾಗಲಿ ಪರ್ಮನೆಂಟ್ ವಿಷಯವನ್ನಾಗಲಿ ಅವರು ಮತ್ತೆ ಎತ್ತಲಿಲ್ಲ. ಆದರೆ ಆವತ್ತಿನಿಂದ ನೋಡಮ್ಮ ಹೋಗಿ ನೋಡ್ರೀ ಆಯಿತು. ಹೆಡ್ ಆಫೀಸಿನಿಂದ ರಜೆ ಮಂಜೂರಾಗಿ ಬಂತು. ನನಗೂ ಒಂದು ತಿಂಗಳು ಹೆಚ್ಚಿಗೆ ಸಿಕ್ಕಿತು.

ಮನೆಯಲ್ಲಿ ಹೇಳಿದಾಗ ಅಪ್ಪ ವ್ಯಾನ್ ಒರೆಸಲು ಕೆಳಗಿಳಿದು ಹೋದರು. ಅಮ್ಮ ಮಾತ್ರ ಕೆಳಗಿನ ಮನೆಯವರಿಗೆ ಏನು ಹೇಳುವುದು ಎಂದು ಕೇಳಿದರು. ನನಗೆ ಅದು ಒಳ್ಳೆಯ ಕೆಲಸ ಮಾಡಿದ ಸಮಾಧಾನವನ್ನೇನೂ ಕೊಡಲಿಲ್ಲ. ಬಸ್ಸಿನಲ್ಲಿ ಕೂತಾಗ ಒಂದೊಂದು ಸಲ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಏಳನೇ ತಿಂಗಳ ಕೊನೆಗೆ ಅಕ್ಕ ಬಂದರು. ಫೋನಿನ ದನಿಯಿಂದ ನಾನು ದಪ್ಪಗಿನ ಹೆಂಗಸನ್ನು ಊಹಿಸಿಕೊಂಡಿದ್ದೆ. ಇವರು ಸಣ್ಣಗೆ, ಉದ್ದಕ್ಕೆ ಇದ್ದರು. ಕಣ್ಣಿನ ಕೆಳಗೆ ಕಪ್ಪು. ಎರಡು ದಿನ ಇಬ್ಬರೂ ಜತೆಯಲ್ಲಿ ಕೂತು ಕೆಲಸ ಹಸ್ತಾಂತರ ಮಾಡಿದೆವು. ಹತ್ತು ಗಂಟೆಗೆ ಅವರು ಎದ್ದು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಹಾಲು ಹಿಂಡಿ ಬರುತ್ತಿದ್ದರು, ಆಗ ಕೌಂಟರ್ ನಾನು ನೋಡಿಕೊಳ್ಳುತ್ತಿದ್ದೆ. ಮೇಲ್ ಹಾಕಿ ಎಂದದ್ದು ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಎರಡನೇ ದಿನ ಎರಡೂವರೆಗೆ ಬ್ಯಾಗ್ ತೆಗೆದುಕೊಂಡು ಹೊರಟೆ.

ಆಮೇಲಿನ ನಾಲ್ಕು ತಿಂಗಳು ಇಂಟರ್ವ್ಯೂಗಳು. ಬಿಳೇಕಹಳ್ಳಿಯ ಒಂದು ಆಫೀಸಿನಲ್ಲಿ ಕನ್ಸಲ್ಟೆನ್ಸಿ ಮೇಡಂ ಹೇಳಿಕೊಟ್ಟಂತೆ ಅಜ್ಜಿಯ ಕಾಯಿಲೆ ಹೇಳಿದೆ. ಪ್ರಶ್ನೆ ಕೇಳುತ್ತಿದ್ದ ಹೆಂಗಸು ಪೆನ್ನು ಕೆಳಗಿಟ್ಟು, "ಅಯ್ಯೋ, ಈಗ ಹೇಗಿದ್ದಾರೆ?" ಅಂದರು. ಚೆನ್ನಾಗಿದ್ದಾರೆ ಅಂದೆ. ಏನಾಗಿತ್ತು, ಯಾವ ಆಸ್ಪತ್ರೆ, ಈಗ ನಡೀತಾರಾ, ಎಂದು ಕೇಳುತ್ತಲೇ ಹೋದರು. ಅವರ ತಾಯಿಗೂ ಹಾಗೇ ಆಗಿತ್ತಂತೆ. ಹದಿನೈದು ವರ್ಷದ ಹಿಂದೆ ತೀರಿಕೊಂಡ ಅಜ್ಜಿಗೆ ನಾನು ಫಿಸಿಯೋಥೆರಪಿ ಮಾಡಿಸಿ, ಕೋಲು ಹಿಡಿಸಿ, ಮನೆಯ ಮುಂದೆ ನಡೆಸಿದೆ. ಹೊರಗೆ ಬಂದ ಮೇಲೆ ಬಸ್ ಸ್ಟಾಪಿನಲ್ಲಿ ಬಹಳ ಹೊತ್ತು ಕೂತಿದ್ದೆ. ಅಲ್ಲಿಂದ ಕರೆ ಬರಲಿಲ್ಲ. ಬಂದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಬನಶಂಕರಿ ಎರಡನೇ ಹಂತದ ಇನ್ನೊಂದು ಕಡೆ, "ಏಳು ತಿಂಗಳು ಇದ್ರಿ, ಚೆನ್ನಾಗಿ ಮಾಡಿದ್ರೆ ಅವರೇ ಇಟ್ಕೋತಿದ್ರಲ್ಲ?" ಎಂದು ಕೇಳಿದರು. ಕುರ್ಚಿ ಬೇರೆಯವರದು, ಅವರು ಬಂದರು ಅಂದೆ. ಆತ ತಲೆಯಾಡಿಸಿ ಏನೋ ಬರೆದುಕೊಂಡರು. ಅಲ್ಲಿಂದಲೂ ಕರೆ ಬರಲಿಲ್ಲ.

ಟೆಕ್ನಿಷಿಯನ್ ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದ. ಈಗ ಪ್ರಶ್ನೆ ಕೇಳುವವನು ಅವನು. ನನ್ನ ಉತ್ತರ ಅವನಿಗೆ ಹಿಡಿಸುತ್ತಿರಲಿಲ್ಲ. "ಎದುರಿಗೆ ಕುಂತಾವ್ರು ಸಾಹೇಬ್ರು ಅನ್ಕೋಬ್ಯಾಡ್ರಿ," ಅಂದ ಒಂದು ಸಲ. "ಅವ್ರು ಉಪಾಸ ಬಂದಾರ ಅನ್ಕೋರಿ. ಚೀಟಿ ಹಿಡ್ಕೊಂಡು ನಿಂತಾರ ಅನ್ಕೋರಿ." ಇಬ್ಬರೂ ನಕ್ಕೆವು.

ಒಂದು ಕಣ್ಣಿನ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಜನ ಬೇಕಾಗಿದ್ದರು. ಪ್ರಶ್ನೆ ಕೇಳಲು ಮೂವರು ಕೂತಿದ್ದರು. ನಡುವೆ ಕೂತವರಿಗೆ ಊಟದ ಹೊತ್ತು ಮೀರಿತ್ತೆಂದು ಕಾಣುತ್ತದೆ, ಗಡಿಯಾರ ನೋಡುತ್ತಿದ್ದರು. ನಿಜವಾಗಿಯೂ ಉಪವಾಸವೇ ಬಂದಿದ್ದಾರೆ ಅನ್ನಿಸಿ ನನ್ನ ಹೆದರಿಕೆ ಸ್ವಲ್ಪ ಕಡಿಮೆಯಾಯಿತು. ಅವರು ರೆಸ್ಯೂಮೆಯ ಅದೇ ಜಾಗದಲ್ಲಿ ಬೆರಳಿಟ್ಟರು.

"ಈ ವರ್ಷ?"

"ಕಾಸ್ಟಿಂಗ್‌ನಲ್ಲಿ ಫೇಲ್ ಆಗಿದ್ದೆ ಸಾರ್. ಮತ್ತೆ ಬರೆದು ಪಾಸ್ ಮಾಡಿದೆ."

"ಸರಿ," ಎಂದು ಮುಂದಕ್ಕೆ ಹೋದರು. ಅಷ್ಟೇ. ಅಷ್ಟು ದಿನ ಬಚ್ಚಿಟ್ಟದ್ದಕ್ಕೆ ಅವರು ಕೊಟ್ಟ ಹೊತ್ತು ಅಷ್ಟು. ಆಮೇಲೆ ಪಕ್ಕದಲ್ಲಿದ್ದ ಮೇಡಂ, ಕ್ಲೇಮ್ ಸಿಗದೆ ಯಾರಾದರೂ ಡೆಸ್ಕಿನ ಮುಂದೆ ಕೂಗಾಡಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ವಾದ ಮಾಡುವುದಿಲ್ಲ, ಮೊದಲು ಕೂರಿಸಿ ಕೈಗೆ ಏನಾದರೂ ಕೊಡುತ್ತೇನೆ, ಟೋಕನ್ನೋ, ಅರ್ಜಿಯೋ, ಯಾವತ್ತು ಬರಬೇಕೆಂದು ಬರೆದ ಚೀಟಿಯೋ, ಎಂದೆ. ಲ್ಯಾಬಿನ ಒಂದು ಬೆಳಗಿನ ಕತೆಯನ್ನೂ ಹೇಳಿದೆ. ಮೂವರೂ ಕೇಳಿದರು. ಅದನ್ನು ನನಗೆ ಕಲಿಸಿದವರು ಯಾರೆಂದು ಹೇಳಲಿಲ್ಲ. ಹತ್ತು ದಿನಕ್ಕೆ ಕೆಲಸ ಸಿಕ್ಕಿದ ಕಾಗದ ಬಂತು.

ಅಲ್ಲಿ ಸೇರಿ ಒಂದು ವರ್ಷವಾಗುತ್ತ ಬಂದಿದ್ದಾಗ ಅಕ್ಕ ಜಯನಗರ ಕಾಂಪ್ಲೆಕ್ಸಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಮಗು ಸೊಂಟದ ಮೇಲಿತ್ತು. ಒಂದು ಕೈಯಲ್ಲಿ ತರಕಾರಿ ಚೀಲ. ಅವರೇ ನನ್ನನ್ನು ಗುರುತು ಹಿಡಿದು ಕರೆದರು. ವಾಪಸ್ ಸೇರಿದ ಮೂರೇ ತಿಂಗಳಿಗೆ ಆ ಕೆಲಸ ಬಿಟ್ಟರಂತೆ. ಮಗುವಿಗೆ ಮೇಲಿಂದ ಮೇಲೆ ಜ್ವರ, ಅತ್ತೆಗೆ ನೋಡಿಕೊಳ್ಳಲು ಆಗುತ್ತಿರಲಿಲ್ಲ.

"ಬಿಡುವಾಗ ನಿನ್ನ ಹೆಸರೇ ಹೇಳ್ದೆ. ಸಾರ್ ಆ ಹುಡುಗಿ ಬೇಡ ಅಂದ್ರು. ಯಾಕೋ ಗೊತ್ತಾಗ್ಲಿಲ್ಲ."

ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಹೇಳಿದೆ. ಮ್ಯಾನೇಜರ್ ಕರೆದದ್ದು, ಪರ್ಮನೆಂಟ್ ಮಾತು, ಕೊನೆಗೆ ನಾನು ಫೋನ್ ಮಾಡಿದ್ದು. ಅವರು ಚೀಲ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. "ಅಯ್ಯೋ, ನಿನ್ನ ಕೆಲಸಾನೇ ಬಿಟ್ಟುಕೊಟ್ಯಲ್ಲೇ," ಅಂದರು. ಹಾಗೆ ಅಂದದ್ದರಿಂದ ಉಳಿದದ್ದನ್ನೂ ಹೇಳಲೇಬೇಕು ಅನ್ನಿಸಿತು.

"ತಕ್ಷಣ ಹೇಳ್ಲಿಲ್ಲ ಅಕ್ಕ. ನಾಲ್ಕು ದಿನ ಸುಮ್ನಿದ್ದೆ."

"ನಾಲ್ಕು ದಿನಾನಾ?"

"ಹೂಂ."

ಅವರು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು. ಕೈ ಬಿಟ್ಟದ್ದು ಅದಕ್ಕೋ ಬೇರೆಯದಕ್ಕೋ ಹೇಳಲಾರೆ. "ನಾನು ಮೇಲ್ ಹಾಕೋಕೆ ಮುಂಚಿನ ಭಾನುವಾರ ಇವಳು ಬೋರಲು ಬಿದ್ಲು. ಫೋಟೋ ಕಳ್ಸಿದ್ದೆ ನಿನಗೆ," ಅಂದರು.

"ನೋಡಿದ್ದೆ."

"ಹಾರ್ಟ್ ಹಾಕಿದ್ದೆ ನೀನು."

ಹೌದು ಅಂದೆ. ಬನಶಂಕರಿ ಕಡೆಯ ಬಸ್ ಬಂತು. ನೂಕುನುಗ್ಗಲಿತ್ತು. ಅವರು ಮಗುವನ್ನು ಎತ್ತಿಕೊಂಡು ಹತ್ತಿದರು, ನಾನು ಹಿಂದಿನಿಂದ ತರಕಾರಿ ಚೀಲವನ್ನು ಮೇಲಕ್ಕೆ ಕೊಟ್ಟೆ. ಯಾರೋ ಅವರಿಗೆ ಸೀಟು ಬಿಟ್ಟುಕೊಟ್ಟರು. ಕಿಟಕಿಯಿಂದ, "ಬರ್ತೀನಿ ಕಣೆ," ಅಂದರು. ಮಗು ನನ್ನ ಕಡೆ ನೋಡುತ್ತಿತ್ತು.

ಯುಗಾದಿಗೆ ಅವರಿಂದ ಮೆಸೇಜ್ ಬಂತು, ಎಲ್ಲರಿಗೂ ಕಳಿಸುವಂಥ ಬೇವು ಬೆಲ್ಲದ ಚಿತ್ರ. ನಾನೂ ಒಂದು ಕಳಿಸಿದೆ. ಫೋನ್ ಮಾಡಿಲ್ಲ, ಅವರೂ ಮಾಡಿಲ್ಲ.